ಅರ್ಧಕ್ಕೆ ನಿಂತ ಬಿಸಿಲು ಪರದೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಅಧ್ಯಾಪಕರು ಅಪ್ಪಣೆ ಮಾಡಿದಾಗ, ಇತಿಹಾಸದ ವಿದ್ಯಾರ್ಥಿಯಾದ ನಾನು ಮುದಗಲ್ಲಿನ ಕೋಟೆಯನ್ನು ಕುರಿತೋ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನವನ್ನು ಕುರಿತೋ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಮೋಟಾರು ಕಾರಿನ ಹಿಂಬದಿಯ ಗಾಜಿಗೆ ಇರುವ, ವಿದ್ಯುತ್ತಿನಿಂದ ಏರಿಳಿಯುವ ಒಂದು ಬಿಸಿಲು ಪರದೆಯನ್ನು ಕುರಿತು. ಅದು ಹೇಗೆ ಕೆಲಸ ಮಾಡುತ್ತದೆ, ಏಕೆ ಅರ್ಧಕ್ಕೆ ನಿಂತುಬಿಡುತ್ತದೆ, ನಿಂತದ್ದನ್ನು ಮರಳಿ ನಡೆಸುವುದು ಹೇಗೆ ಎಂಬಿಷ್ಟೇ ಇಲ್ಲಿಯ ವಿಷಯ.

ಬಿ.ಎ. ಓದುವವನಿಗೆ ಮೇಸ್ತ್ರಿಯ ವಿದ್ಯೆ ಏಕೆಂದು ವಾಚಕರು ನಗಬಹುದು. ಕಳೆದ ಬೇಸಿಗೆಯಲ್ಲಿ ಇದೇ ಪರದೆ ನಮ್ಮ ಮನೆಯ ಎರಡು ತಿಂಗಳ ಅನ್ನದ ಪ್ರಶ್ನೆಯಾಗಿ ಬಂದು ನಿಂತಾಗ ನನಗೆ ನಗು ಬರಲಿಲ್ಲ. ಆದುದರಿಂದ ಮೊದಲು ಆ ಸಂಗತಿಯನ್ನು ಹೇಳಿ, ಆಮೇಲೆ ಯಂತ್ರದ ಮಾತಿಗೆ ಬರುತ್ತೇನೆ.

ನನ್ನ ತಂದೆಯವರು ಊರಿನ ಹತ್ತಿಯ ಸಾಹುಕಾರರೊಬ್ಬರ ಕಾರಿನ ಡ್ರೈವರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ತಾಯಿಯವರು ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸಾಹುಕಾರರು ನಾಲ್ಕು ವರ್ಷಗಳ ಹಿಂದೆ ಹೈದರಾಬಾದಿನಿಂದ ಒಂದು ದೊಡ್ಡ ಕಾರನ್ನು ಎರಡನೆಯ ಕೈಯಿಂದ ಕೊಂಡು ತಂದರು. ಅದರ ಹಿಂದಿನ ಗಾಜಿಗೆ ಕಪ್ಪು ಜಾಳಿಗೆಯ ಪರದೆಯೊಂದು ಇದೆ. ಗೇರಿನ ಪಕ್ಕದ ಗುಂಡಿಯನ್ನು ಒತ್ತಿದರೆ ಸದ್ದಿಲ್ಲದೆ ಮೇಲೇಳುತ್ತದೆ. ಇನ್ನೊಮ್ಮೆ ಒತ್ತಿದರೆ ಮಡಚಿಕೊಂಡು ಸೀಟಿನ ಹಿಂದಿನ ಹಲಗೆಯೊಳಗೆ ಅಡಗುತ್ತದೆ. ಓಣಿಯ ಹುಡುಗರಿಗೆಲ್ಲ ಅದನ್ನು ನೋಡುವುದೊಂದು ಹಬ್ಬವಾಗಿತ್ತು.

ಸಾಹುಕಾರರ ತಾಯಿಯವರನ್ನು ಊರೆಲ್ಲ ದೊಡ್ಡವ್ವ ಎಂದು ಕರೆಯುತ್ತದೆ. ಕಳೆದ ಮಾರ್ಚಿನಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದ್ದರು. ಆಮೇಲೆ ಕೆಲವು ಸಲ ರಾಯಚೂರಿಗೆ ಹೋಗಿ ವೈದ್ಯರಿಗೆ ತೋರಿಸಬೇಕಾಗಿತ್ತು. ವೈದ್ಯರು ನೋಡುವುದು ಸಂಜೆಗೆ. ಹಾದಿ ಎರಡು ಗಂಟೆಗೂ ಮಿಕ್ಕಿದ್ದು. ಹೀಗಾಗಿ ಊರು ಬಿಡುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಭೂಪಟವನ್ನು ನೋಡಿದರೆ ರಾಯಚೂರು ನಮ್ಮ ಲಿಂಗಸುಗೂರಿಗೆ ಹೆಚ್ಚು ಕಡಿಮೆ ನೇರ ಪೂರ್ವಕ್ಕೆ ಇದೆ. ಮೂರು ಗಂಟೆಗೆ ಪೂರ್ವದ ಕಡೆಗೆ ಹೊರಟ ಕಾರಿನ ಬೆನ್ನಿಗೆ ಪಶ್ಚಿಮದ ಸೂರ್ಯ ಬೀಳುತ್ತಾನೆ. ಹಿಂದಿನ ಗಾಜು ಓರೆಯಾಗಿರುವುದರಿಂದ ಆ ಬಿಸಿಲು ಹಿಂದೆ ಕುಳಿತವರ ಕುತ್ತಿಗೆ, ತೋಳುಗಳ ಮೇಲೆ ನೇರವಾಗಿ ಇಳಿಯುತ್ತದೆ. ಮುಂದಿನ ಕನ್ನಡಿಯಲ್ಲಿ ಹೊಳೆದು ಕಣ್ಣಿಗೂ ಚುಚ್ಚುತ್ತದೆ. ಸಂಜೆಯಾದಂತೆಲ್ಲ ಸೂರ್ಯ ಕೆಳಗಿಳಿದು ಈ ಕಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದೊಡ್ಡವ್ವನಿಗೆ ಆ ಪರದೆ ಷೋಕಿಯ ವಸ್ತುವಾಗಿರಲಿಲ್ಲ, ಅಗತ್ಯವಾಗಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅದೇ ಪರದೆ ಅರ್ಧಕ್ಕೆ ಎದ್ದು, ಎಡಗಡೆ ಜೋತುಬಿದ್ದು, ನಿಂತುಬಿಟ್ಟಿತು. ಒತ್ತಿದರೆ ಗುಂಯ್ ಎಂದು ಸದ್ದು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಗರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ವಿಚಾರಿಸಿದಾಗ ಬಿಡಿ ಭಾಗಗಳು ಸಿಗುವುದಿಲ್ಲ, ಇಡೀ ಜೋಡಣೆಯನ್ನೇ ಬದಲಿಸಬೇಕೆಂದರು. ಅವರು ಹೇಳಿದ ಬೆಲೆ ನಮ್ಮ ತಂದೆಯವರ ಎರಡು ತಿಂಗಳ ಪಗಾರಕ್ಕೆ ಸರಿಯಾಗಿತ್ತು. ಯಾರು ಕೆಡಿಸಿದರೆಂದು ಸಾಹುಕಾರರು ಕೇಳಿದರು. ತಂದೆಯವರು ತಲೆ ತಗ್ಗಿಸಿ, "ನಾನ ಒತ್ತಿದ್ನಿರಿ ಸಾವುಕಾರ್ರ, ನಂದ ತಪ್ಪು" ಎಂದುಬಿಟ್ಟರು. ಹಣವನ್ನು ತಿಂಗಳಿಗಿಷ್ಟರಂತೆ ಪಗಾರದಲ್ಲಿ ಹಿಡಿದುಕೊಳ್ಳುವ ಮಾತಾಯಿತು. ನಾನು ಅಲ್ಲಿಯೇ ಅಂಗಳದಲ್ಲಿ ನಿಂತಿದ್ದೆ. ಏನನ್ನೂ ಆಡಲಿಲ್ಲ. ಏಕೆ ಆಡಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಯಂತ್ರದ ಮಾತು. ಮೊದಲನೆಯದಾಗಿ, ಗಾಜಿನ ಹಿಂದೆ ಪರದೆ ಏಕೆ ಬೇಕು? ನಮ್ಮ ಊರು 16 ಡಿಗ್ರಿ ಉತ್ತರ ಅಕ್ಷಾಂಶದಿಂದ ತುಸುವೇ ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ರಾಯಚೂರು ಜಿಲ್ಲೆಗೆ ಹೊಸದಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಾದರೋ ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗುತ್ತದೆ. ಸೂರ್ಯನ ಬೆಳಕು ಗಾಜನ್ನು ತೂರಿಕೊಂಡು ಒಳಕ್ಕೆ ಬರುತ್ತದೆ. ಸೀಟು, ಹಲಗೆ, ಚಕ್ರ ಅದನ್ನು ಹೀರಿ ಕಾಯುತ್ತವೆ. ಕಾದ ವಸ್ತುಗಳು ಮರಳಿ ಸೂಸುವ ಶಾಖಕಿರಣಗಳ ಅಲೆಯುದ್ದ ಹೆಚ್ಚಿನದು. ಅವನ್ನು ಗಾಜು ಹೊರಕ್ಕೆ ಬಿಡದು. ಒಳಗಿನ ಬಿಸಿಗಾಳಿಗೂ ಹೊರಹೋಗಲು ದಾರಿಯಿಲ್ಲ. ಹೀಗೆ ಬಂದ ಶಾಖ ಒಳಗೇ ಸೆರೆಯಾಗುತ್ತದೆ.

ಪರದೆಯು ಗಾಜಿನ ಹೊರಗಿದ್ದರೆ ಈ ಶಾಖವನ್ನು ಬಾಗಿಲಲ್ಲಿಯೇ ತಡೆಯಬಹುದಿತ್ತು. ನಮ್ಮ ಹಿರಿಯರ ಕಮಾನು ಬಂಡಿಯಲ್ಲಿ ನೆರಳು ಹೊರಗಿನಿಂದಲೇ ಬರುತ್ತಿತ್ತು. ಕಿಟಕಿಗೆ ಹೊರಗಿನಿಂದ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿಯೂ ಅದೇ ತತ್ತ್ವದ್ದು. ಕಾರಿನ ಪರದೆ ಒಳಗಿರುವುದರಿಂದ ತಾನು ಹೀರಿದ ಶಾಖದ ಒಂದಂಶವನ್ನು ಒಳಗೇ ಬಿಡುತ್ತದೆ. ಆದರೂ ನೇರ ಬಿಸಿಲು ಮೈಗೂ ಕಣ್ಣಿಗೂ ತಾಕದಂತೆ ಅದು ತಡೆಯುವುದು. ಕುಳಿತವರಿಗೆ ಅದರಿಂದ ದೊಡ್ಡ ಸಮಾಧಾನ. ಹಿಂದೆ ಜನರು ಗಾಜಿಗೆ ಕಪ್ಪು ಹಾಳೆ ಅಂಟಿಸಿಕೊಳ್ಳುತ್ತಿದ್ದರು. ಕೇಂದ್ರ ಮೋಟಾರು ವಾಹನಗಳ 1989ರ ನಿಯಮಗಳಂತೆ ಮುಂದಿನ ಹಾಗೂ ಹಿಂದಿನ ಗಾಜು ಕನಿಷ್ಠ ನೂರಕ್ಕೆ 70ರಷ್ಟು, ಪಕ್ಕದ ಗಾಜುಗಳು ನೂರಕ್ಕೆ 50ರಷ್ಟು ಬೆಳಕನ್ನು ಬಿಡುವಂತಿರಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಜಿನ ಮೇಲೆ ಕಪ್ಪು ಹಾಳೆ ಅಂಟಿಸುವುದನ್ನು ತಡೆದು ತೀರ್ಪಿತ್ತಿತು. ಆಮೇಲೆ ಹಾಳೆಗಳನ್ನು ಕೆರೆದು ತೆಗೆಸಿದವರಿಗೆ, ಬೇಕಾದಾಗ ಎತ್ತಿ ಬೇಡವಾದಾಗ ಇಳಿಸುವ ಪರದೆಯ ಬೆಲೆ ತಿಳಿಯಿತು.

ಈ ಪರದೆಯಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಒಂದು, ಬಟ್ಟೆಯನ್ನು ಸುತ್ತಿಕೊಳ್ಳುವ ಕೊಳವೆ. ಎರಡು, ಬಟ್ಟೆಯ ಮೇಲಂಚಿನ ಪಟ್ಟಿ ಮತ್ತು ಅದನ್ನು ಎತ್ತುವ ಎರಡು ತೋಳುಗಳು. ಮೂರು, ತೋಳುಗಳನ್ನು ನಡೆಸುವ ಮೋಟಾರು.

ಕೊಳವೆಯೊಳಗೆ ಒಂದು ಸುರುಳಿ ಸ್ಪ್ರಿಂಗು ಇದೆ. ಬಟ್ಟೆಯನ್ನು ಎಳೆದಾಗ ಸ್ಪ್ರಿಂಗು ಬಿಗಿಯಾಗುತ್ತದೆ. ಬಿಟ್ಟಾಗ ಸಡಿಲಿ ಬಟ್ಟೆಯನ್ನು ಮರಳಿ ಸುತ್ತುತ್ತದೆ. ಬಜಾರಿನ ಅಂಗಡಿಗಳ ಸುತ್ತುವ ಶಟರನ್ನು ನೋಡಿದವರಿಗೆ ಇದು ಬೇಗ ತಿಳಿಯುವುದು. ಅಷ್ಟು ಭಾರದ ತಗಡನ್ನು ಒಬ್ಬ ಹುಡುಗ ಎತ್ತಬಲ್ಲನೆಂದರೆ ಮೇಲಿನ ದಂಡದಲ್ಲಿ ಅಡಗಿರುವ ಸ್ಪ್ರಿಂಗೇ ಕಾರಣ. ಕಿಟಕಿಯ ಪರದೆಗೆ ಇಂಥ ಸ್ಪ್ರಿಂಗಿನ ಕೊಳವೆಯನ್ನು ಅಳವಡಿಸಿ ಅಮೆರಿಕದ ಸ್ಟೀವರ್ಟ್ ಹಾರ್ಟ್ಸ್‌ಹಾರ್ನ್ ಎಂಬುವರು 1864ರಲ್ಲಿ ಪೇಟೆಂಟು ಪಡೆದರು. ಕಾರಿನ ಪರದೆಯು ಆ ಮನೆಯ ಪರದೆಯ ಮೊಮ್ಮಗನೆಂದರೆ ತಪ್ಪಾಗದು. ಒಂದೇ ವ್ಯತ್ಯಾಸವೆಂದರೆ ಮನೆಯ ಪರದೆ ಮೇಲಿನಿಂದ ಕೆಳಗೆ ಇಳಿಯುವುದು. ಇದು ಕೆಳಗಿನಿಂದ ಮೇಲೇಳುವುದು.

ಕೆಳಗಿನಿಂದ ಏಳುವ ವಸ್ತುವಿಗೆ ಆಧಾರ ಬೇಕು. ಆ ಕೆಲಸ ಎರಡು ತೋಳುಗಳದು. ಕೈಕಟ್ಟಿ ಕುಳಿತ ಮನುಷ್ಯ ಎರಡೂ ಕೈಗಳನ್ನು ಬಿಡಿಸಿ ತಲೆಯ ಮೇಲೆ ಎತ್ತಿ ಹಿಡಿದಂತೆ ಅವು ಎದ್ದುನಿಂತು ಮೇಲಂಚಿನ ಪಟ್ಟಿಯನ್ನು ಎತ್ತುತ್ತವೆ. ಏಳುವಾಗ ತೋಳಿನ ತುದಿ ನೇರವಾಗಿ ಏಳದೆ ಬಿಲ್ಲಿನ ಆಕಾರದಲ್ಲಿ ಸಾಗುತ್ತದೆ. ಆದುದರಿಂದ ತುದಿಯನ್ನು ಪಟ್ಟಿಗೆ ಗಟ್ಟಿಯಾಗಿ ಕೂಡಿಸಲಾಗದು. ಪಟ್ಟಿಯ ಉದ್ದಕ್ಕೂ ಒಂದು ಗಾಡಿಯಿದೆ. ಗಾಡಿ ಎಂದರೆ ತೋಡಿದ ಸಣ್ಣ ಕಾಲುವೆ. ತೋಳಿನ ತುದಿಗೆ ಸಿಕ್ಕಿಸಿದ ಪ್ಲಾಸ್ಟಿಕ್ಕಿನ ತುಂಡೊಂದು ಅದರಲ್ಲಿ ಅತ್ತಿತ್ತ ಜಾರುತ್ತದೆ. ಮೇಸ್ತ್ರಿಗಳು ಇದನ್ನು ಬುಷ್ ಎನ್ನುತ್ತಾರೆ. ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಈ ಬುಷ್ಷಿನ ಹೆಸರನ್ನು ವಾಚಕರು ನೆನಪಿಡಬೇಕು. ಕೆಲವು ಕಾರುಗಳಲ್ಲಿ ತೋಳುಗಳಿಲ್ಲದೆ ಗಾಜಿನ ಎರಡು ಪಕ್ಕದ ಹಳಿಗಳಲ್ಲಿ ಪಟ್ಟಿ ಏರುವುದೂ ಉಂಟು. ಅಲ್ಲಿಯೂ ಹಳಿಯಲ್ಲಿ ಜಾರುವುದು ಇಂಥದೇ ತುಂಡು.

ಮೂರನೆಯದು ಮೋಟಾರು. ಕಾರಿನ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಚಿಕ್ಕ ಮೋಟಾರು ಇದು. ಬಲು ವೇಗವಾಗಿ ತಿರುಗುವ ಅದರ ದಂಡದ ಮೇಲೆ ತಿರುಪಿನಂತೆ ಹಲ್ಲು ಕೊರೆದಿರುತ್ತದೆ; ಅದು ಒಂದು ಹಲ್ಲುಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ವೇಗ ಕಡಿಮೆಯಾದಷ್ಟು ಬಲ ಹೆಚ್ಚುತ್ತದೆ. ಈ ತಿರುಪಿನ ಹಲ್ಲಿಗೆ ಇನ್ನೊಂದು ಗುಣವಿದೆ: ತಿರುಪು ಚಕ್ರವನ್ನು ತಿರುಗಿಸಬಲ್ಲುದು, ಚಕ್ರ ತಿರುಪನ್ನು ತಿರುಗಿಸಲಾರದು. ನಮ್ಮ ಭಾಗದಲ್ಲಿ ನಾರಾಯಣಪುರದ ಬಲದಂಡೆ ಕಾಲುವೆಯೂ, ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ಇವೆ. ಇಂಥ ಕಾಲುವೆಗಳ ತೂಬಿನ ಬಾಗಿಲನ್ನು ತಿರುಪಿನ ದಂಡದಿಂದ ಎತ್ತುವುದನ್ನು ರೈತರ ಮಕ್ಕಳಾದ ನನ್ನ ಸಹಪಾಠಿಗಳು ನೋಡಿದ್ದಾರೆ. ಹಿಡಿಯನ್ನು ತಿರುಗಿಸುವುದನ್ನು ನಿಲ್ಲಿಸಿದರೆ ಬಾಗಿಲು ಅಲ್ಲಿಯೇ ನಿಲ್ಲುವುದು. ತನ್ನ ಭಾರಕ್ಕೆ ತಾನೇ ಕೆಳಗೆ ಬೀಳದು. ಪರದೆಯೂ ಹಾಗೆಯೇ. ಸ್ಪ್ರಿಂಗು ಕೆಳಕ್ಕೆ ಎಳೆಯುತ್ತಿದ್ದರೂ ಮೋಟಾರು ನಿಂತಲ್ಲಿಯೇ ಪರದೆ ನಿಲ್ಲುತ್ತದೆ. ಇದು ಗುಣವೂ ಹೌದು, ಕೆಟ್ಟಾಗ ತೊಡಕೂ ಹೌದು. ಅರ್ಧಕ್ಕೆ ನಿಂತ ಪರದೆಯನ್ನು ಕೈಯಿಂದ ಒತ್ತಿ ಇಳಿಸಲು ಹೋದರೆ ಮುರಿಯುವುದು ಹಲ್ಲು ಅಥವಾ ತೋಳು, ಪರದೆ ಇಳಿಯುವುದಿಲ್ಲ.

ಇಲ್ಲಿ ವಿದ್ಯುತ್ತಿನ ಒಂದು ಸೂಕ್ಷ್ಮವನ್ನು ಹೇಳಬೇಕು. ಮೋಟಾರು ತಿರುಗುವಾಗ ಬ್ಯಾಟರಿಗೆ ಎದುರಾದ ಒಂದು ವೋಲ್ಟೇಜನ್ನು ತಾನೇ ಹುಟ್ಟಿಸುತ್ತದೆ. ಆದಕಾರಣ ತಿರುಗುವ ಮೋಟಾರಿನಲ್ಲಿ ಕಡಿಮೆ ವಿದ್ಯುತ್ತು ಹರಿಯುತ್ತದೆ. ಅದು ಸಿಕ್ಕಿಕೊಂಡು ನಿಂತರೆ ಎದುರು ವೋಲ್ಟೇಜು ಇಲ್ಲವಾಗಿ ವಿದ್ಯುತ್ತು ಒಮ್ಮೆಲೆ ಏರುತ್ತದೆ. ಉದಾಹರಣೆಗೆ, ಸುರುಳಿಯ ರೋಧ 1 ಓಮ್ ಎಂದೂ, ತಿರುಗುವಾಗ ಹರಿಯುವುದು 3 ಆಂಪಿಯರ್ ಎಂದೂ ಹಿಡಿಯೋಣ. ನಿಂತಾಗ 12 ವೋಲ್ಟಿಗೆ 12 ಆಂಪಿಯರ್ ಹರಿಯುವುದು. ವಿದ್ಯುತ್ತು ನಾಲ್ಕು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ಹದಿನಾರು ಪಟ್ಟು. ಸಿಕ್ಕಿಕೊಂಡ ಪರದೆಯ ಗುಂಡಿಯನ್ನು ಸಿಟ್ಟಿನಿಂದ ಮತ್ತೆ ಮತ್ತೆ ಒತ್ತುವವನು ಒಂದು ದೋಷವನ್ನು ಎರಡು ಮಾಡುತ್ತಾನೆಂಬುದು ಇದರಿಂದ ಸ್ಪಷ್ಟವಾಗುವುದು. ಪುಣ್ಯಕ್ಕೆ ಅನೇಕ ಕಾರುಗಳಲ್ಲಿ ವಿದ್ಯುತ್ತು ಮಿತಿಮೀರಿದಾಗ ತಾನಾಗಿಯೇ ಕಡಿದುಹಾಕುವ ವ್ಯವಸ್ಥೆಯಿದೆ. ಇಲ್ಲದಿದ್ದರೆ ಫ್ಯೂಜು ಸುಟ್ಟುಹೋಗಿ ಮೋಟಾರನ್ನು ಉಳಿಸುತ್ತದೆ.

ಬಸ್ ನಿಲ್ದಾಣದ ಹತ್ತಿರ ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುವ ವೃದ್ಧರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಹೊಸ ಜೋಡಣೆಗೆ ಬೇಡಿಕೆ ಕಳಿಸುವ ಮೊದಲು ಅವರಿಗೊಮ್ಮೆ ತೋರಿಸೋಣವೆಂದು ನಾನು ತಂದೆಯವರನ್ನು ಒಪ್ಪಿಸಿದೆ. ಚಾಚಾ ಕಾರಿನೊಳಗೆ ಕೈಯನ್ನೇ ಹಾಕಲಿಲ್ಲ. "ಜೋರ್ ಮಾಡಬ್ಯಾಡ ಬೇಟಾ. ಮೊದ್ಲು ಕೇಳು. ಸಪ್ಪಳ ಬರ್ತದೋ ಇಲ್ಲೋ?" ಎಂದರು.

ಆ ಒಂದು ಮಾತಿನಲ್ಲಿ ಅರ್ಧ ವಿದ್ಯೆಯೇ ಇತ್ತೆಂದು ಈಗ ತಿಳಿಯುತ್ತದೆ. ನಿಂತ ಪರದೆಗೆ ಮೂರು ಬಗೆ. ಗುಂಡಿ ಒತ್ತಿದಾಗ ಏನೊಂದೂ ಸದ್ದಿಲ್ಲದಿದ್ದರೆ ದೋಷ ವಿದ್ಯುತ್ತಿನದು: ಫ್ಯೂಜು, ಗುಂಡಿ, ತಂತಿಯ ಕೂಡಿಕೆ, ಕೊನೆಗೆ ಮೋಟಾರು, ಈ ಕ್ರಮದಲ್ಲಿ ಹುಡುಕಬೇಕು. ಫ್ಯೂಜು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವಂಥದು. ಹೀಗಾಗಿ ಮೊದಲು ಅದು. ಅದರ ಬಣ್ಣವೇ ಅಳತೆಯನ್ನು ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟ ಫ್ಯೂಜಿನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಹೆಚ್ಚಿನದನ್ನೋ, ತಂತಿಯ ತುಂಡನ್ನೋ ಹಾಕಿದರೆ ಮುಂದಿನ ಸಲ ಸುಡುವುದು ಕಾರು. ಎರಡನೆಯ ಬಗೆ, ಮೋಟಾರು ತಿರುಗುವ ಸದ್ದು ಬಂದರೂ ತೋಳುಗಳು ಅಲುಗದಿರುವುದು. ಆಗ ಹಲ್ಲುಚಕ್ರ ಸವೆದಿರಬೇಕು ಅಥವಾ ಒಡೆದಿರಬೇಕು. ಮೂರನೆಯದು, ತುಸು ಅಲುಗಿ, ಗುಂಯ್ ಎಂದು ನರಳಿ, ಓರೆಯಾಗಿ ನಿಲ್ಲುವುದು. ಮೋಟಾರಿಗೆ ವಿದ್ಯುತ್ತಿದೆ, ಹಲ್ಲು ಹಿಡಿಯುತ್ತಿದೆ, ಆದರೆ ಮುಂದೆಲ್ಲೋ ಒಂದು ಕಡೆ ಅಡ್ಡಿಯಿದೆ ಎಂದರ್ಥ. ನಮ್ಮದು ಈ ಮೂರನೆಯ ಬಗೆ. ಒಂದು ತಿರುಪನ್ನೂ ಬಿಚ್ಚದೆ ಚಾಚಾ ರೋಗವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದರು.

ಮರುದಿನ ಬಿಚ್ಚುವ ಕೆಲಸ. ಮೊದಲು ಬ್ಯಾಟರಿಯ ಋಣ ತಂತಿಯನ್ನು ತೆಗೆದು ಕೆಲವು ನಿಮಿಷ ಸುಮ್ಮನೆ ಕುಳಿತೆವು. ಈಗಿನ ಕಾರುಗಳಲ್ಲಿ ಹಿಂದಿನ ಕಂಬಗಳ ಹೊದಿಕೆಯ ಹತ್ತಿರ ಗಾಳಿಚೀಲಗಳು ಇರಬಹುದು. ಅವು ಅಪಘಾತದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವಂಥವು. ಕೆಲಸದ ನಡುವೆ ಉಬ್ಬಿದರೆ ಮುಖಕ್ಕೇ ಪೆಟ್ಟು. ಆ ತಂತಿಗಳಿಗೆ ಕೈ ಹಾಕಬಾರದೆಂದು ಚಾಚಾ ಎಚ್ಚರಿಸಿದರು. ಎರಡನೆಯ ಎಚ್ಚರ ಸ್ಪ್ರಿಂಗಿನದು. ಅರ್ಧ ಎದ್ದ ಪರದೆಯಲ್ಲಿ ಸ್ಪ್ರಿಂಗು ಬಿಗಿದುಕೊಂಡಿರುತ್ತದೆ. ತೋಳನ್ನು ಬಿಚ್ಚಿದೊಡನೆ ಪಟ್ಟಿ ರಪ್ಪನೆ ಕೆಳಗೆ ಹೊಡೆಯುವುದು. ಆದುದರಿಂದ ಪಟ್ಟಿಯನ್ನು ದಾರದಿಂದ ಮೇಲಿನ ಹಿಡಿಕೆಗೆ ಕಟ್ಟಿಹಾಕಿದೆವು. ಆಮೇಲೆ ಹಿಂದಿನ ಸೀಟಿನ ಕೂಡುವ ಭಾಗ, ಒರಗುವ ಭಾಗ, ಕಂಬದ ಹೊದಿಕೆ, ಕೊನೆಗೆ ಹಿಂಬದಿಯ ಹಲಗೆ, ಈ ಕ್ರಮದಲ್ಲಿ ತೆಗೆದೆವು. ಪ್ರತಿಯೊಂದು ಹಂತದ ತಿರುಪುಗಳನ್ನು ಬೇರೆ ಬೇರೆ ಚಹದ ಲೋಟಗಳಲ್ಲಿ ಇಟ್ಟು, ನನ್ನ ಇತಿಹಾಸದ ನೋಟು ಪುಸ್ತಕದ ಹಿಂದಿನ ಹಾಳೆಯಲ್ಲಿ ಯಾವುದು ಎಲ್ಲಿಯದೆಂದು ಚಿತ್ರ ಬರೆದುಕೊಂಡೆ. ಜೋಡಿಸುವುದೆಂದರೆ ಆ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು, ಅಷ್ಟೆ.

ಮೋಟಾರಿನ ಕೂಡಿಕೆಯನ್ನು ಬಿಡಿಸಿ, ತೋಳುಗಳನ್ನು ಪಟ್ಟಿಯಿಂದ ಕಳಚಿ, ಬೇರೆ ಬ್ಯಾಟರಿಯೊಂದರಿಂದ ಫ್ಯೂಜಿನ ಮೂಲಕ ಎರಡು ತಂತಿಗಳನ್ನು ಮುಟ್ಟಿಸಿದೆವು. ತೋಳುಗಳು ಸರಾಗವಾಗಿ ಎದ್ದವು. ತಂತಿಗಳನ್ನು ಅದಲು ಬದಲು ಮಾಡಿದಾಗ ಸರಾಗವಾಗಿ ಮಲಗಿದವು. ಮೋಟಾರು, ಹಲ್ಲು, ತೋಳು ಎಲ್ಲವೂ ನೆಟ್ಟಗಿವೆ. ಹೊಸ ಜೋಡಣೆಯ ಮಾತೇ ಬೇಕಿರಲಿಲ್ಲ. ಉಳಿದದ್ದು ಪಟ್ಟಿಯ ಗಾಡಿ ಒಂದೇ. ಚಾಚಾ ಅದನ್ನು ಬೆಳಕಿಗೆ ಹಿಡಿದರು. ಎಡಗಡೆಯ ಬುಷ್ಷು ಎರಡು ತುಂಡಾಗಿತ್ತು. ಗಾಡಿಯ ತುಂಬ ಕಪ್ಪು ಮೇಣದಂಥದು ಗಟ್ಟಿಯಾಗಿ ಕೂತಿತ್ತು. ಕಡ್ಡಿಯಿಂದ ಕೆರೆದು, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು ಅವರು ಕೇಳಿದರು: "ಇದಕ್ಕ ಎಣ್ಣಿ ಯಾರು ಬಿಟ್ಟಾರ?"

ಬಿಟ್ಟವನು ನಾನು. ಜನವರಿಯಲ್ಲಿ ಪರದೆ ಏಳುವಾಗ ಕಿರ್ರೆನ್ನುತ್ತಿತ್ತು. ತಂದೆಯವರು ಊಟಕ್ಕೆ ಬಂದಾಗ ಕಾರು ಮನೆಯ ಮುಂದೆ ನಿಂತಿತ್ತು. ಓದಿದವನು ನಾನು, ಇಷ್ಟು ಸರಿಪಡಿಸಲಾರೆನೇ ಎಂದುಕೊಂಡು ಅವ್ವನ ಹೊಲಿಗೆ ಯಂತ್ರದ ಎಣ್ಣೆಯನ್ನು ಗಾಡಿಯ ಉದ್ದಕ್ಕೂ ಧಾರಾಳವಾಗಿ ಬಿಟ್ಟೆ. ಕಿರುಚಾಟ ನಿಂತಿತು. ನಾನು ಹಿಗ್ಗಿದೆ. ಆದರೆ ಅದು ಹತ್ತಿಯ ಸುಗ್ಗಿ. ಸಾಹುಕಾರರ ಕಾರು ದಿನವೂ ಮಾರುಕಟ್ಟೆಗೆ, ಹತ್ತಿಯ ಮಿಲ್ಲಿಗೆ ಹೋಗಿಬರುತ್ತಿತ್ತು. ಗಾಳಿಯಲ್ಲಿ ಹಾರುವ ಹತ್ತಿಯ ನವಿರೂ, ಎರೆಹೊಲದ ಧೂಳೂ ತೆರೆದ ಗಾಜಿನಿಂದ ಒಳಬಂದು ಆ ಎಣ್ಣೆಗೆ ಅಂಟಿದವು. ಒಣಗಿದ ಗಾಡಿಯಾಗಿದ್ದರೆ ಧೂಳು ಉದುರಿಹೋಗುತ್ತಿತ್ತು. ಎಣ್ಣೆ ಅದನ್ನು ಹಿಡಿದಿಟ್ಟುಕೊಂಡಿತು. ಬಿಸಿಲಿಗೆ ಎಣ್ಣೆ ಇಂಗಿ ಕೆಸರು ಗಟ್ಟಿಯಾಯಿತು. ಬುಷ್ಷು ಜಾರಲಾರದೆ ಸಿಕ್ಕಿಕೊಂಡಿತು, ಮೋಟಾರು ಬಲ ಹಾಕಿತು, ಬುಷ್ಷು ಸೀಳಿತು. ತೋಳಿನ ಆಧಾರ ತಪ್ಪಿದ ಪಟ್ಟಿಯ ಎಡತುದಿಯನ್ನು ಸ್ಪ್ರಿಂಗು ಕೆಳಕ್ಕೆ ಎಳೆಯಿತು. ಪಟ್ಟಿ ಓರೆಯಾಯಿತು. ಓರೆಯಾದ ಪಟ್ಟಿ ಹಲಗೆಯ ಸೀಳಿನೊಳಗೆ ಇಳಿಯಲಾರದೆ ಹೋಯಿತು. ಇಡೀ ಕಥೆ ನನ್ನ ಕೈಯ ನಾಲ್ಕು ತೊಟ್ಟು ಎಣ್ಣೆಯಿಂದ ಆರಂಭವಾದುದು.

ಸಾಹುಕಾರರ ಅಂಗಳದಲ್ಲಿ ನಾನು ಬಾಯಿ ಬಿಡದಿದ್ದುದು ಈ ಅನುಮಾನದಿಂದಲೇ. ಚಾಚಾ ಕೇಳಿದಾಗ ತಡಮಾಡಲಾಗಲಿಲ್ಲ. ತಂದೆಯವರು ಬಾಗಿಲಲ್ಲಿಯೇ ಚಹ ಕುಡಿಯುತ್ತ ಕುಳಿತಿದ್ದರು. "ನಾನ ಬಿಟ್ಟೀನಿ ಚಾಚಾ" ಎಂದೆ. ತಂದೆಯವರು ಲೋಟವನ್ನು ಕೆಳಗಿಟ್ಟು, "ನನಗ ಅವತ್ತ ಗೊತ್ತಿತ್ತಪ. ನಿಮ್ಮವ್ವನ ಎಣ್ಣಿ ಡಬ್ಬಿ ಕಾರಿನಾಗ ಮರೆತಿದ್ದಿ. ನಾನ ಮನಿಗೆ ತಂದಿಟ್ಟೆ" ಎಂದರು. ಅದಕ್ಕಿಂತ ಹೆಚ್ಚೇನೂ ಆಡಲಿಲ್ಲ.

ಇನ್ನು ದುರಸ್ತಿಯ ಮಾತು. ಗಾಡಿಯ ಕೆಸರನ್ನು ಬಿದಿರಿನ ಕಡ್ಡಿಯಿಂದ ತೆಗೆದು, ಸಾಬೂನಿನ ನೀರು ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿದೆವು. ಪೆಟ್ರೋಲಿನಿಂದ ತೊಳೆಯಬಾರದು; ಕೆಲವು ಬಗೆಯ ಪ್ಲಾಸ್ಟಿಕ್ಕು ಅದರಿಂದ ಸೀಳುವುದು. ಬುಷ್ಷು ಬಿಡಿಯಾಗಿ ಸಿಗುವಂತಿರಲಿಲ್ಲವಾದುದರಿಂದ ಲೇತ್ ಅಂಗಡಿಯಿಂದ ನೈಲಾನ್ ದಂಡದ ಒಂದು ತುಂಡನ್ನು ತಂದೆವು. ನೈಲಾನು ಗಟ್ಟಿ, ಆದರೆ ಜಾರುವ ಗುಣವುಳ್ಳದ್ದು. ಒಣಗಿದ್ದರೂ ಬೇಗ ಸವೆಯದು. ಒಡೆದ ಬುಷ್ಷಿನ ಎರಡು ಹೋಳುಗಳನ್ನು ಕೂಡಿಸಿ ಅಳತೆ ಹಿಡಿದು, ಗರಗಸದಿಂದ ಕತ್ತರಿಸಿ, ಅರದಿಂದ ಉಜ್ಜುವ ಕೆಲಸವನ್ನು ಚಾಚಾ ನನಗೇ ಬಿಟ್ಟರು. ಮೊದಲನೆಯದು ಬಿಗಿಯಾಯಿತು, ಎಣ್ಣೆಯಿಲ್ಲದೆಯೇ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದನ್ನು ಹೆಚ್ಚು ಉಜ್ಜಿ ಸಡಿಲ ಮಾಡಿದೆ, ಪಟ್ಟಿ ಗಡಗಡಿಸುತ್ತಿತ್ತು. ಮೂರನೆಯದು, ಎರಡನೆಯ ದಿನದ ಸಂಜೆಗೆ, ಬೆರಳಿನಿಂದ ತಳ್ಳಿದರೆ ಸರಿದು ಬಿಟ್ಟರೆ ನಿಲ್ಲುವಂತೆ ಕೂತಿತು. ಗಾಡಿಗೆ ಒಣಗಿದ ಮೇಲೆ ಅಂಟು ಉಳಿಯದ ಸಿಲಿಕಾನ್ ಸಿಂಪಡಣೆಯನ್ನು ತೆಳ್ಳಗೆ ಹಾಕಿ ಒರೆಸಿದೆವು. ಗ್ರೀಸು ಹಾಕಿದ್ದು ಮುಚ್ಚಿದ ಪೆಟ್ಟಿಗೆಯೊಳಗಿನ ಹಲ್ಲುಚಕ್ರಕ್ಕೆ ಮಾತ್ರ. ಅಲ್ಲಿಗೆ ಧೂಳು ಹೋಗದು. ಎಲ್ಲಿ ಧೂಳು ಬರುವುದೋ ಅಲ್ಲಿ ಒಣ ಜಾರಿಕೆ, ಎಲ್ಲಿ ಬಾರದೋ ಅಲ್ಲಿ ಗ್ರೀಸು ಎಂಬುದು ನೆನಪಿಡಬೇಕಾದ ಸೂತ್ರ. ನಮ್ಮಂಥ ಧೂಳಿನ ಸೀಮೆಯಲ್ಲಿ ಇದು ಪರದೆಗಷ್ಟೇ ಅಲ್ಲ, ಕಾರಿನ ಗಾಜಿನ ಹಳಿಗೂ, ಮನೆಯ ಜಾರುವ ಕಿಟಕಿಗೂ ಸಲ್ಲುತ್ತದೆ.

ಜೋಡಿಸುವ ಮುನ್ನ, ಹಲಗೆಯನ್ನು ಮುಚ್ಚದೆಯೇ, ಹತ್ತು ಸಲ ಏರಿಳಿಸಿ ನೋಡಿದೆವು. ಮುಚ್ಚಿದ ಮೇಲೆ ದೋಷ ಕಂಡರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುವುದು. ಬ್ಯಾಟರಿಯನ್ನು ಕೂಡಿಸಿ ಗುಂಡಿ ಒತ್ತಿದಾಗ ಪರದೆ ಸಮನಾಗಿ ಎದ್ದು ಗಾಜನ್ನು ತುಂಬಿತು. ಹಿಂದಕ್ಕೆ ಹೋಗುವ ಗೇರನ್ನು ಹಾಕಿದೊಡನೆ, ಡ್ರೈವರಿಗೆ ಹಿಂದಿನದು ಕಾಣಲೆಂದು, ಮೊದಲಿನಂತೆ ತಾನಾಗಿ ಇಳಿಯಿತು. ಚಾಚಾ ತೆಗೆದುಕೊಂಡ ಕೂಲಿ ಹೊಸ ಜೋಡಣೆಯ ಬೆಲೆಯ ಎದುರು ಏನೂ ಅಲ್ಲ. ನನ್ನ ಎರಡು ದಿನದ ಅರದ ಕೆಲಸಕ್ಕೆ ಅವರೇ ಒಂದು ಚಹ ಕುಡಿಸಿದರು.

ಕಾರನ್ನು ಒಪ್ಪಿಸಲು ತಂದೆಯವರೊಡನೆ ನಾನೂ 갔ದೆನೆಂದು ಹೇಳುವುದಕ್ಕಿಂತ, ನಾನೇ ಮುಂದಾಗಿ ಹೋದೆನೆನ್ನಬೇಕು. ತಪ್ಪು ತಂದೆಯವರದಲ್ಲ, ನನ್ನದೆಂದು ಸಾಹುಕಾರರಿಗೆ ಹೇಳಿದೆ. ಜನವರಿಯ ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಹೇಳಿ, ಒಡೆದ ಬುಷ್ಷನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿದರು. "ಇಷ್ಟ ಏನು?" ಎಂದರು. ತುಸು ಹೊತ್ತಿನ ಮೇಲೆ, "ಎಣ್ಣಿ ಹಾಕಿದವನೂ ನೀನ, ತಗದವನೂ ನೀನ. ನಡಿ" ಎಂದರು. ಪಗಾರದಲ್ಲಿ ಹಿಡಿಯುವ ಮಾತು ಅಲ್ಲಿಗೆ ಮುಗಿಯಿತು. ಆ ವಾರ ದೊಡ್ಡವ್ವ ಪರದೆಯ ನೆರಳಿನಲ್ಲಿ ರಾಯಚೂರಿಗೆ ಹೋಗಿಬಂದರು. ಇದನ್ನು ಬರೆಯುವ ಹೊತ್ತಿಗೂ ಆ ಮೂರನೆಯ ಬುಷ್ಷು ಕೆಲಸ ಮಾಡುತ್ತಿದೆ.

ಸಹಪಾಠಿ ಮಿತ್ರರೇ, ನಾನು ಮೇಸ್ತ್ರಿಯಾದೆನೆಂದು ಹೇಳಿಕೊಳ್ಳಲು ಇದನ್ನು ಬರೆಯಲಿಲ್ಲ. ಕೆಟ್ಟ ಯಂತ್ರದ ಎದುರು ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕೈ ಎಂಬ ಕ್ರಮವನ್ನು ಚಾಚಾ ಅವರಿಂದ ಕಲಿತೆ. ಸುಲಭವಾದುದನ್ನೂ ಅಗ್ಗವಾದುದನ್ನೂ ಮೊದಲು ನೋಡಬೇಕು; ಬಲ ಹಾಕಬಾರದು; ಬಿಚ್ಚಿದ್ದನ್ನು ಬರೆದಿಡಬೇಕು. ಕಿರುಚಾಟ ನಿಂತ ಮಾತ್ರಕ್ಕೆ ದೋಷ ಹೋಯಿತೆಂದು ತಿಳಿಯಬಾರದು. ನಾನು ಜನವರಿಯಲ್ಲಿ ಮಾಡಿದ್ದು ಸದ್ದನ್ನು ಅಡಗಿಸುವ ಕೆಲಸವೇ ಹೊರತು ಅದರ ಕಾರಣವನ್ನು ಕೇಳುವ ಕೆಲಸವಲ್ಲ. ಇತಿಹಾಸದ ತರಗತಿಯಲ್ಲಿ ಗುರುಗಳು ಒಂದು ಘಟನೆಗೆ ಕಾರಣವನ್ನು, ಆ ಕಾರಣಕ್ಕೂ ಕಾರಣವನ್ನು ಹುಡುಕಿರೆಂದು ಹೇಳುವುದನ್ನು ಮೂರು ವರ್ಷ ಬರೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಕಾರಿನ ಹಿಂದಿನ ಹಲಗೆಯ ಕೆಳಗೆ.

ಓದಿದವರು ಅನೇಕರಿರುವ ಮನೆಯ ಹುಡುಗನು ತಪ್ಪಿದರೆ ತಿದ್ದುವವರು ಮನೆಯಲ್ಲಿಯೇ ಇರುತ್ತಾರೆ. ನನ್ನಂಥವನು ಮನೆಯಲ್ಲಿ ಏನು ಹೇಳಿದರೂ ಓದಿದವನ ಮಾತೆಂದು ನಡೆದುಹೋಗುತ್ತದೆ. ಆದುದರಿಂದ ತಿಳಿಯದುದನ್ನು ತಿಳಿಯದೆಂದು ಹೇಳುವ ಹೊಣೆ ನನಗೆ ಇನ್ನೂ ಹೆಚ್ಚಿನದು. ಎಣ್ಣೆಯ ಡಬ್ಬಿಯನ್ನು ಸದ್ದಿಲ್ಲದೆ ಮನೆಗೆ ತಂದಿಟ್ಟು, ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತ ತಂದೆಯವರಿಗೆ ಈ ಲೇಖನವನ್ನು ಓದಿ ಹೇಳಬೇಕೆಂದಿದ್ದೇನೆ.